ಭಾನುವಾರದ ಚರ್ಚೆ: ಸಿಂಪ್ಯೂಟರ್

ಮಾನ್ಯ ಸದಸ್ಯರೇ,

ಈ ಭಾನುವಾರದ ಚರ್ಚೆಗೆ ಬೆಂಗಳೂರಿನ ಸಿಂಪ್ಯೂಟರನ್ನು ಆರಿಸಿಕೊಂಡಿದ್ದೇವೆ. ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕರೂ ಎನ್‌ಕೋರ್ ಕಂಪನಿಯ ಎಂಜಿನಿಯರುಗಳೂ ಸೇರಿ 2001ರಲ್ಲಿ ಪ್ರದರ್ಶಿಸಿದ, ಲಿನಕ್ಸ್ ಎಂಬ ಮುಕ್ತ ಕಾರ್ಯಾಚರಣಾ ತಂತ್ರಾಂಶದ ಆಧಾರಿತ ಈ ಅಂಗೈ ಕಂಪ್ಯೂಟರಿನ ಹಿಂದೆ, ಓದುಬರಹ ಬಾರದವರಿಗೂ ಅದು ಅವರದೇ ಭಾಷೆಯಲ್ಲಿ ಮಾತಾಡಬೇಕು, ಒಂದೇ ಸಾಧನವನ್ನು ಊರಿನವರೆಲ್ಲ ತಂತಮ್ಮ ಮಾಹಿತಿಯಿರುವ ಸ್ಮಾರ್ಟ್ ಕಾರ್ಡ್ ಹಾಕಿ ಹಂಚಿಕೊಂಡು ಬಳಸಬೇಕು ಎಂಬ ದೊಡ್ಡ ಆಸೆಯಿತ್ತು. ಪ್ರಾಧ್ಯಾಪಕರೇ ಕಟ್ಟಿದ ಪಿಕೋಪೆಟಾ ಕಂಪನಿಯ ‘ಅಮಿಡಾ’ ಮಾದರಿಯು ಸರ್ಕಾರಿ ಎಲೆಕ್ಟ್ರಾನಿಕ್ಸ್ ಕಂಪನಿಯಾದ ಬಿಇಎಲ್‌ನಲ್ಲಿ ತಯಾರಾಗಿ ಮಾರುಕಟ್ಟೆಗೆ ಬಂದದ್ದು 2004ರಲ್ಲಿ. ಅಷ್ಟರಲ್ಲಿ ಮೊಬೈಲ್ ಫೋನು ಅಗ್ಗವಾಗತೊಡಗಿತ್ತು. ನಿರೀಕ್ಷಿಸಿದ್ದ ದೊಡ್ಡ ಸರ್ಕಾರಿ ಖರೀದಿಗಳು ಬಾರದೆ ತಯಾರಿಕೆ ಹೆಚ್ಚಲಿಲ್ಲ, ತಯಾರಿಕೆ ಹೆಚ್ಚದೆ ಬೆಲೆ ಇಳಿಯಲಿಲ್ಲ. ಸೋತದ್ದು ತಂತ್ರಜ್ಞಾನವಲ್ಲ, ಲೆಕ್ಕಾಚಾರ ಎಂಬುದು ನನ್ನ ಅಭಿಪ್ರಾಯ. ಒಪ್ಪದವರು ಬಂದು ವಾದಿಸಬಹುದು. ಭೂ ದಾಖಲೆಯ ‘ಭೂಮಿ’ ಯೋಜನೆಯಲ್ಲಿ ಇದನ್ನು ಕೈಯಾರೆ ಬಳಸಿದವರು ಗುಂಪಿನಲ್ಲಿದ್ದರೆ ಶನಿವಾರದೊಳಗೆ ದಯವಿಟ್ಟು ತಿಳಿಸಿ.