ರೇಸಿನ ಕಂಪ್ಯೂಟರಿಗೆ ಸ್ಟೀರಿಂಗೇ ಇಲ್ಲ!

ಮಾನ್ಯ ಸಂಪಾದಕರೇ,

ನಿಮ್ಮ ಪತ್ರಿಕೆಯಲ್ಲಿ ಹೊಸ ಮೊಬೈಲುಗಳ ಬಗ್ಗೆ ಆಗಾಗ ಬರುತ್ತದೆ. ಗೇಮಿಂಗ್ ಕಂಪ್ಯೂಟರ್ ಬಗ್ಗೆ ಬಂದದ್ದು ನಾನು ಕಂಡಿಲ್ಲ. ಪ್ಲಸ್ ಟು ಮುಗಿಸಿದ ಮಕ್ಕಳಿರುವ ಮನೆಗಳಲ್ಲಿ ಈಗ ಅದೇ ಬೇಡಿಕೆ. ನನ್ನ ಮಗನಿಗೂ ಕಾರ್ ರೇಸಿನ ಸಿಮ್ಯುಲೇಟರ್, ಅಂದರೆ ನಿಜವಾದ ಕಾರಿನ ಹಾಗೆಯೇ ಓಡಿಸುವ ಗೇಮ್, ಆಡಬೇಕಂತೆ. ನಾನು ಸಹಕಾರಿ ಬ್ಯಾಂಕಿನಲ್ಲಿ ಲೆಕ್ಕ ಬರೆಯುವವಳು. ಹಾಗಾಗಿ ಮಂಗಳೂರಿನ ಅಂಗಡಿಯೊಂದು ಕೊಟ್ಟ ಕೊಟೇಶನನ್ನು ಸಾಲು ಸಾಲಾಗಿ ಓದಿದೆ.

ಆಟದ ಚಿತ್ರ ಮೂಡಿಸುವ ದೊಡ್ಡ ಗ್ರಾಫಿಕ್ಸ್ ಕಾರ್ಡ್, ಗಾಜಿನ ಕ್ಯಾಬಿನೆಟ್, ಬಣ್ಣ ಬಣ್ಣದ ಲೈಟಿನ ಫ್ಯಾನು. ನಾವು ಹೇಳಿದ್ದ ದುಡ್ಡು ಅಷ್ಟರಲ್ಲೇ ಖಾಲಿ. ಸ್ಟೀರಿಂಗ್ ಇಲ್ಲ, ಪೆಡಲ್ ಇಲ್ಲ, ಕರೆಂಟು ಹೋದರೂ ಸ್ವಲ್ಪ ಹೊತ್ತು ನಡೆಸುವ ಯುಪಿಎಸ್ ಇಲ್ಲ. ಕೇಳಿದ್ದು ರೇಸಿಗೆ ಅಲ್ವಾ?

ಕೀಬೋರ್ಡಿನಲ್ಲಿ ಕೀ ಒತ್ತಿದರೆ ಪೂರ್ತಿ ಬ್ರೇಕ್, ಬಿಟ್ಟರೆ ಏನೂ ಇಲ್ಲ. ತಿರುವಿನಲ್ಲಿ ಬ್ರೇಕನ್ನು ಸ್ವಲ್ಪ ಸ್ವಲ್ಪವೇ ಸಡಿಲಿಸುವುದೇ ಈ ಆಟದ ಜೀವಾಳ ಎಂದು ಮಗ ಹೇಳುತ್ತಾನೆ. ಅದಕ್ಕೆ ಪೆಡಲೇ ಸರಿ. ಲಾಜಿಟೆಕ್ ಜಿ29, ಜಿ923ರಂಥ ಸ್ಟೀರಿಂಗಿನ ಒಳಗೆ ಮೋಟರ್ ಇರುತ್ತದೆ. ಆಟದ ಕಾರಿನ ಮುಂದಿನ ಟಯರ್ ಹಿಡಿತ ಬಿಟ್ಟರೆ ಸ್ಟೀರಿಂಗ್ ಕೈಯಲ್ಲಿ ಹಗುರಾಗುತ್ತದೆ. ನಮ್ಮ ಮನೆಯವರು ಜೀಪು ಓಡಿಸುವವರು. ಮಗನ ಸ್ನೇಹಿತನ ಮನೆಯಲ್ಲಿ ಒಮ್ಮೆ ಹಿಡಿದು ನೋಡಿ, “ಜಾರುವುದು ಕೈಗೆ ಗೊತ್ತಾಗ್ತದೆ ಮಾರಾಯ್ತಿ” ಅಂದರು. ಸೆಕೆಂಡ್ ಹ್ಯಾಂಡ್ ಕೊಳ್ಳುವವರು ಒಂದು ನೋಡಿಕೊಳ್ಳಿ: ಜಿ29 ಪ್ಲೇಸ್ಟೇಷನ್ನಿಗೂ ಕಂಪ್ಯೂಟರಿಗೂ ಆಗುತ್ತದೆ, ಜಿ920 ಎಕ್ಸ್‌ಬಾಕ್ಸಿಗೂ ಕಂಪ್ಯೂಟರಿಗೂ. ಮೇಜು ಗಟ್ಟಿಯಾಗಿರಲಿ. ಅಲುಗುವ ಮೇಜಿಗೆ ಇದನ್ನು ಬಿಗಿದು ಪ್ರಯೋಜನವಿಲ್ಲ.

ಫುಲ್ ಎಚ್‌ಡಿಯ ಒಂದೇ ಸ್ಕ್ರೀನಿಗೆ ಆರ್‌ಟಿಎಕ್ಸ್ 4060 ಮಟ್ಟದ ಗ್ರಾಫಿಕ್ಸ್ ಕಾರ್ಡ್ ಧಾರಾಳ ಸಾಕು. ಅಸೆಟ್ಟೊ ಕೋರ್ಸಾ ಎಂಬ 2014ರ ರೇಸ್ ಗೇಮಿಗೆ ಅಷ್ಟೂ ಬೇಡ. ಮೂರು ಸ್ಕ್ರೀನ್ ಅಥವಾ ವಿಆರ್ ಕನ್ನಡಕ ಬೇಕೆನ್ನುವವರ ಮಾತು ಬೇರೆ. ಟಯರ್, ಸಸ್ಪೆನ್ಷನ್, ಜೊತೆಗೆ ಓಡುವ ಕಾರುಗಳು, ಇವೆಲ್ಲದರ ಲೆಕ್ಕ ಹಾಕುವುದು ಪ್ರೊಸೆಸರ್. ಅದರಲ್ಲಿ ಕಂಜೂಸಿ ಮಾಡಿದರೆ ತುಂಬಾ ಕಾರುಗಳಿರುವ ರೇಸಿನ ಸ್ಟಾರ್ಟಿನಲ್ಲೇ ಚಿತ್ರ ತಡವರಿಸುತ್ತದೆ. 16 ಜಿಬಿ ರ‍್ಯಾಮನ್ನು ಎಂಟೆಂಟರ ಎರಡು ಸ್ಟಿಕ್ಕಾಗಿ ಕೇಳಿ. ಹಳೆಯ ಹಾರ್ಡ್ ಡಿಸ್ಕಿನ ಬದಲು ವೇಗದ ಎಸ್‌ಎಸ್‌ಡಿ ಬೇಕೇ ಬೇಕು.

ಇನ್ನು ಕರೆಂಟು. ಪೇಟೆಯ ವಿಡಿಯೊ ನೋಡಿ ಕಂಪ್ಯೂಟರ್ ಆರಿಸುವವರಿಗೆ ನಮ್ಮ ಕಾಸರಗೋಡಿನ ಗುಡುಗು ಗೊತ್ತಿಲ್ಲ. ಏಪ್ರಿಲ್, ಮೇ ಸಂಜೆಗಳಲ್ಲಿ, ಮತ್ತೆ ಅಕ್ಟೋಬರಿನಲ್ಲಿ, ಸಿಡಿಲಿಗೆ ಹೆದರಿ ನಾವು ಟಿವಿಯ ಪ್ಲಗ್ ಕೀಳುವವರು. ಗುಡುಗು ಮಿಂಚು ಶುರುವಾಗುವ ಮೊದಲೇ ಕಂಪ್ಯೂಟರಿನ ಪ್ಲಗ್ಗನ್ನೂ ಕೀಳಬೇಕು, ಮೋಡೆಮಿನ ಅಡಾಪ್ಟರನ್ನೂ ಕೀಳಬೇಕು. ತೋಟದ ಪಂಪು ಶುರುವಾದರೆ ಬಲ್ಬು ಮಂಕಾಗುವ ಮನೆಗಳಲ್ಲಿ ಕಂಪ್ಯೂಟರಿನ ಒಳಗೆ ಕರೆಂಟು ಹಂಚುವ ಎಸ್‌ಎಂಪಿಎಸ್ ಅಗ್ಗದ್ದು ಹಾಕಿಸಬೇಡಿ. ಬಿಲ್ ಬರೆಯುವ ಕಂಪ್ಯೂಟರಿಗೆ ಇಡುವ 600 ವಿಎ ಯುಪಿಎಸ್‌ನಿಂದ ಸಾಮಾನ್ಯವಾಗಿ ಸಿಗುವುದು 360 ವಾಟ್. 4060 ಕಾರ್ಡೊಂದೇ 115 ವಾಟ್ ತಿನ್ನುವಾಗ ಅದು ಇಕ್ಕಟ್ಟು. 1000 ವಿಎ ಇದ್ದರೆ ಕರೆಂಟು ಹೋದಾಗ ರೇಸ್ ನಿಲ್ಲಿಸಿ, ಕಂಪ್ಯೂಟರನ್ನು ಸಮಾಧಾನದಲ್ಲಿ ಆಫ್ ಮಾಡಬಹುದು.

ಇಂಥ ಆಟಕ್ಕೆ ಇಷ್ಟು ದುಡ್ಡಾ ಎಂದು ನೆಂಟರು ಕೇಳುತ್ತಾರೆ. ಬ್ರಿಟನ್ನಿನ ಯಾನ್ ಮಾರ್ಡನ್‌ಬರೋ 2011ರಲ್ಲಿ ಗೇಮ್ ಆಡುವವರಿಗಾಗಿ ನಡೆದ ಸ್ಪರ್ಧೆ ಗೆದ್ದು ನಿಜವಾದ ರೇಸಿಗೆ ಇಳಿದ ಕತೆಯನ್ನು ಮಗ ಎಲ್ಲರಿಗೂ ಹೇಳುತ್ತಾನೆ. ನನಗೆ ಆ ಆಸೆ ಇಲ್ಲ. ಅವನು ಸುಮ್ನೆ ಖುಷಿಗೆ ಆಡಿದರೆ ಸಾಕು. ಅಡಿಕೆ ಮಾರಿದ ದುಡ್ಡು ಲೈಟಿನ ಫ್ಯಾನಿಗೆ ಹೋಗಬಾರದು, ಅಷ್ಟೇ.

ಮೇ ತಿಂಗಳ ರಿಸಲ್ಟಿನ ಮೊದಲು ನೀವು ಇದರ ಬಗ್ಗೆ ಒಂದು ಪುಟ ಮಾಡಿ. ಕಾಸರಗೋಡು, ಮಂಗಳೂರು ಎರಡೂ ಕಡೆಯ ಬೆಲೆ ಹಾಕಿ. ಯಾವ ಕಂಪನಿಯ ಸರ್ವಿಸ್ ಸೆಂಟರ್ ಎಲ್ಲಿದೆ ಎಂಬುದನ್ನಂತೂ ತಪ್ಪದೆ ಸೇರಿಸಿ. ಕೆಟ್ಟ ಕಾರ್ಡ್ ಹಿಡಿದುಕೊಂಡು ಗಡಿಯ ತಲಪಾಡಿ ದಾಟಬೇಕೆಂದರೆ ನನಗೊಂದು ರಜೆ ಹೋಗುತ್ತದೆ.

– ಓದುಗಳೊಬ್ಬಳು, ಬದಿಯಡ್ಕ