ನೀವು ಕಳಿಸಿದ ಲ್ಯಾಬ್ರಡಾರ್ ಮರಿಯ ತಾಯಿ ಎಲ್ಲಿದೆ?

ನಮಸ್ಕಾರ ಸರ್,

ಜೂನ್ 14ರಂದು ನಿಮ್ಮಿಂದ ಒಂದು ಹೆಣ್ಣು ಲ್ಯಾಬ್ರಡಾರ್ ಮರಿ ತಗೊಂಡೆ. 32,000 ರೂಪಾಯಿ ಮೊದಲೇ ಕಟ್ಟಿದ್ದೆ. ಆಮೇಲೆ ಆದ ತೊಂದರೆಯನ್ನು ಫೋನಿನಲ್ಲಿ ನಾಲ್ಕು ಸಲ ಹೇಳಿದ್ದೇನೆ, ನಾಲ್ಕು ಸಲವೂ "ವಿಚಾರಿಸ್ತೀವಿ ಮೇಡಂ" ಅಂದಿರಿ. ಅದಕ್ಕೇ ಈಗ ಬರೆದು ಕಳಿಸುತ್ತಿದ್ದೇನೆ.

ನಮ್ಮದು ಸೋಮವಾರಪೇಟೆ ಹತ್ತಿರ ಕಾಫಿ ತೋಟ. ಇಲ್ಲಿ ಮರಿ ಬೇಕಾದರೆ ಪಕ್ಕದ ತೋಟದವರನ್ನು ಕೇಳುತ್ತೇವೆ. ಹೋದರೆ ತಾಯಿ ಅಲ್ಲೇ ಜಗಲಿ ಮೇಲೆ ಮಲಗಿರುತ್ತದೆ. ಮರಿ ಮುಟ್ಟಿದಾಗ ಅದು ಗುರ್ ಅನ್ನುತ್ತೋ, ಬಾಲ ಆಡಿಸುತ್ತೋ ನೋಡಿದರೆ ಮರಿಯ ಸ್ವಭಾವ ಅರ್ಧ ಗೊತ್ತಾಗುತ್ತೆ. ಈ ಸಲ ಹಾಗೆ ಮಾಡದೆ ನಿಮ್ಮ ಹತ್ತಿರ ಬರೋಕೆ ಕಾರಣ ಇತ್ತು. ನಮ್ಮ ಹಳೇ ಲ್ಯಾಬ್ರಡಾರ್ ಕೊನೆಯ ಎರಡು ವರ್ಷ ಸೊಂಟದ ಕೀಲು ಸವೆದು, ಮೂರು ಮೆಟ್ಟಿಲು ಹತ್ತಲಾಗದೆ ನರಳಿತು. ಈ ತೊಂದರೆ ಈ ತಳಿಯಲ್ಲಿ ವಂಶದಿಂದ ಬರುತ್ತೆ, ಇನ್ನೊಂದು ತರುವುದಾದರೆ ತಂದೆ ತಾಯಿಯ ಸೊಂಟದ ಎಕ್ಸ್‌ರೇ ನೋಡಿಯೇ ತನ್ನಿ ಅಂತ ಡಾಕ್ಟರು ಹೇಳಿದ್ದರು.

ಇದನ್ನೆಲ್ಲ ನಿಮಗೆ ಹೇಳಿದ್ದೆ. ಎಕ್ಸ್‌ರೇ ಇದೆ, ಶುದ್ಧ ತಳಿ ಅನ್ನೋದಕ್ಕೆ ಕೆನಲ್ ಕ್ಲಬ್ ಆಫ್ ಇಂಡಿಯಾದ ಕಾಗದ ಇದೆ, ಗುರುತಿಗೆ ಚರ್ಮದಡಿ ಮೈಕ್ರೋಚಿಪ್ ಹಾಕಿದೆ, ಮೊದಲ ಇಂಜೆಕ್ಷನ್ ಆಗಿದೆ, ಮರಿಗೆ 60 ದಿನ ಅಂದಿರಿ. ಬೆಂಗಳೂರಿಗೆ ಬಂದು ತಾಯಿಯನ್ನು ನೋಡ್ತೀನಿ ಅಂದಾಗ ಮಾತ್ರ ಬೇಡ ಅಂದಿರಿ. ಹೊರಗಿನವರು ಬಂದರೆ ಮರಿಗಳಿಗೆ ಸೋಂಕು ತಗುಲುತ್ತೆ ಅಂತ ಹೇಳಿ ಒಂದು ಫೋಟೋ ಕಳಿಸಿದಿರಿ. ನಂಬಿದೆ.

ಕುಶಾಲನಗರ ಬಸ್ ಸ್ಟ್ಯಾಂಡಿನಲ್ಲಿ ಜಡಿಮಳೆಯಲ್ಲಿ ನಿಮ್ಮ ಹುಡುಗ ಮರಿ ಕೊಟ್ಟ. ಟೊಮೆಟೊ ಕ್ರೇಟಿನಲ್ಲಿ, ಒದ್ದೆ ಪೇಪರ್ ಮೇಲೆ, ನಡುಗುತ್ತಾ ಮಲಗಿತ್ತು. ಎರಡನೇ ಬೆಳಿಗ್ಗೆ ವಾಂತಿ ಶುರುವಾಯಿತು, ಸಂಜೆ ಹೊತ್ತಿಗೆ ರಕ್ತ ಭೇದಿ. ಪಾರ್ವೋ ಅಂದರು ಡಾಕ್ಟರು, ಮರಿಗಳ ಜೀವ ತೆಗೆಯುವ ವೈರಸ್ ಸೋಂಕು. ಸೋಂಕು ತಗುಲಿ ಲಕ್ಷಣ ಕಾಣೋಕೆ ಸಾಮಾನ್ಯವಾಗಿ ಮೂರರಿಂದ ಏಳು ದಿನ ಬೇಕು. ಅಂದರೆ ನಿಮ್ಮ ಹತ್ತಿರ ಇದ್ದಾಗಲೇ ಅದಕ್ಕೆ ಹತ್ತಿತ್ತು. ಬಾಯಿ ಬಿಡಿಸಿ ನೋಡಿದರೆ ದವಡೆಯ ಹಾಲುಹಲ್ಲು ಇನ್ನೂ ಪೂರ್ತಿ ಬಂದಿಲ್ಲ. ಹೆಚ್ಚೆಂದರೆ ಐದು ವಾರದ ಮರಿ ಅಂದರು ಅವರು. ಹಾಲು ಕುಡಿಯುವ ಕೂಸನ್ನು ತಾಯಿಯಿಂದ ಕಿತ್ತು ಕಳಿಸಿದ್ದೀರಿ ಸರ್.

ಆರು ದಿನ ಡ್ರಿಪ್ ಹಾಕಿಸಿದೆವು. ರಾತ್ರಿ ಕರೆಂಟ್ ಇಲ್ಲ, ಒಲೆ ಪಕ್ಕದಲ್ಲಿ ಗೋಣಿ ಹಾಸಿ ಮಗಳು ಅದರ ಜೊತೆಗೇ ಕೂತಿರುತ್ತಿದ್ದಳು. ಬದುಕಿತು. ಬೆಳ್ಳಿ ಅಂತ ಹೆಸರಿಟ್ಟಿದ್ದೇವೆ.

ಹುಷಾರಾದ ಮೇಲೆ ಸ್ಕ್ಯಾನರ್ ಆಡಿಸಿದರೆ ಮೈಯಲ್ಲಿ ಚಿಪ್ಪೇ ಇಲ್ಲ. ನೀವು ಕೊಟ್ಟ ಕಾಗದದಲ್ಲಿರುವ ಚಿಪ್ ನಂಬರಿಗೆ 13 ಅಂಕಿ, ಚಿಪ್ಪಿಗೆ ಇರೋದು 15 ಅಂಕಿ. ಎಕ್ಸ್‌ರೇ ಇವತ್ತಿಗೂ ಬಂದಿಲ್ಲ. ಎಲ್ಲಕ್ಕಿಂತ ಜಾಸ್ತಿ ಸಂಕಟ ಆಗಿದ್ದು ತಾಯಿಯ ಫೋಟೋ ವಿಷಯದಲ್ಲಿ. ಅದೇ ನಾಯಿ, ಅದೇ ನೀಲಿ ಬಾಗಿಲು, ಬೇರೆ ಊರಿನ ಇನ್ನೊಬ್ಬರ ಜಾಹೀರಾತಿನಲ್ಲೂ ಇದೆ. ಕೇಳಿದರೆ "ತಾಯಿಯನ್ನು ಊರಿಗೆ ಕಳಿಸಿದ್ದೀವಿ" ಅಂದಿರಿ. ಯಾವ ಊರು?

ಬೆಳ್ಳಿಯನ್ನು ವಾಪಸ್ ಕೊಟ್ಟರೆ ಬೇರೆ ಮರಿ ಕೊಡ್ತೀವಿ ಅಂತ ನಿಮ್ಮ ಮ್ಯಾನೇಜರ್ ಹೇಳಿದರು. ಬೇಡ. ಅವಳು ಶುದ್ಧ ತಳಿಯೋ ಅಲ್ಲವೋ, ಈಗ ನಮ್ಮ ಮನೆಯವಳು. ಅದೂ ಅಲ್ಲದೆ ಪಾರ್ವೋ ವೈರಸ್ ನೆಲದಲ್ಲಿ ತಿಂಗಳುಗಟ್ಟಲೆ ಉಳಿಯುತ್ತೆ. ಇಂಜೆಕ್ಷನ್ ಪೂರ್ತಿ ಆಗದ ಇನ್ನೊಂದು ಮರಿಯನ್ನು ಇದೇ ಮನೆಗೆ ತಂದರೆ ಅದಕ್ಕೂ ಹತ್ತುತ್ತೆ. ನಾಯಿ ಮಾರುವ ನಿಮಗೆ ಇಷ್ಟು ಗೊತ್ತಿರಬೇಕಲ್ವಾ? ಲೈನ್ ಮನೆಗಳಲ್ಲಿರುವ ತೋಟದ ಕೆಲಸದವರ ನಾಯಿಗಳೂ ನಮ್ಮ ಅಂಗಳದಲ್ಲೇ ಓಡಾಡುತ್ತವೆ, ಅವಕ್ಕೆಲ್ಲ ನಾವೇ ಲಸಿಕೆ ಹಾಕಿಸಿದೆವು.

2017ರ ನಾಯಿ ಸಾಕಣೆ ಮತ್ತು ಮಾರಾಟದ ನಿಯಮದಲ್ಲಿ ಎಂಟು ವಾರ ತುಂಬದ ಮರಿ ಮಾರುವ ಹಾಗಿಲ್ಲ. ಮೈಕ್ರೋಚಿಪ್ ಇರಬೇಕು, ಮರಿ ಹಾಕಿಸುವವರು ರಾಜ್ಯ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ನೋಂದಾಯಿಸಿರಬೇಕು. ನಿಮ್ಮ ನೋಂದಣಿ ನಂಬರ್ ಕಳಿಸಿ. ಚಿಕಿತ್ಸೆಗೆ ಆದ 11,400 ರೂಪಾಯಿಯ ಬಿಲ್ ಈ ಪತ್ರದ ಜೊತೆ ಇಟ್ಟಿದ್ದೇನೆ. ಅದನ್ನೂ ಮರಿಯ ದುಡ್ಡನ್ನೂ 15 ದಿನದೊಳಗೆ ವಾಪಸ್ ಮಾಡಿ. ಇಲ್ಲದಿದ್ದರೆ ಗ್ರಾಹಕರ ಸಹಾಯವಾಣಿ 1915ಕ್ಕೆ ಫೋನ್ ಮಾಡಿ ದೂರು ಕೊಡುತ್ತೇನೆ, ಮಡಿಕೇರಿಯ ಗ್ರಾಹಕರ ಆಯೋಗಕ್ಕೂ ಹೋಗುತ್ತೇನೆ. ನಾನಿರುವ ಜಿಲ್ಲೆಯಲ್ಲೇ ಕೇಸ್ ಹಾಕಲು ಕಾನೂನಿನಲ್ಲಿ ಅವಕಾಶ ಇದೆ.

ಬೆಳ್ಳಿಯ ತಾಯಿ ಇರುವ ಜಾಗದ ವಿಳಾಸವನ್ನೂ ಕೊಡಿ. ಅದು ಯಾವ ಸ್ಥಿತಿಯಲ್ಲಿದೆ, ಪಾರ್ವೋ ಹತ್ತಿದ ಉಳಿದ ಮರಿಗಳು ಬದುಕಿವೆಯಾ ಅಂತ ನಾನೇ ಬಂದು ನೋಡಬೇಕು.

ಇತಿ,
ಬೆಳ್ಳಿಯ ಮನೆಯವರು
ಸೋಮವಾರಪೇಟೆ ತಾಲ್ಲೂಕು, ಕೊಡಗು