ಬೈಗುಳವಾಗಿ ಕೇಳಿಸುವ ಪದ

ಪ್ರೀತಿಯ ತಂಗಿ,

ನಿನ್ನ ಲೇಖನದಲ್ಲಿ ‘ಸಿಸ್‌ಜೆಂಡರ್’ ಎಂಬ ಪದ ಕಂಡು ಓದುಗರೊಬ್ಬರು ಕೆರಳಿದ್ದಾರೆ, ‘ನನ್ನನ್ನು ಹೀಗೆ ಬೈಯಲು ನೀವ್ಯಾರು’ ಎಂದು ಕೇಳಿದ್ದಾರೆ ಎಂದು ಬರೆದಿದ್ದೀಯ. ಅವರನ್ನು ಅಜ್ಞಾನಿ ಎಂದು ಜಾಡಿಸಬೇಕೆಂಬ ಆಸೆ ತಡೆದುಕೊಂಡು ನನಗೆ ಬರೆದದ್ದು ಒಳ್ಳೆಯದಾಯಿತು.

ಪದದ ಚರಿತ್ರೆ ಹೇಳಿಬಿಟ್ಟರೆ ಅವರು ಒಪ್ಪುತ್ತಾರೆ ಎಂದು ನೀನು ನಂಬಿದಂತಿದೆ. ನನಗೆ ಆ ನಂಬಿಕೆ ಇಲ್ಲ. ಹುಟ್ಟಿದಾಗ ಗುರುತಿಸಿದ ಲಿಂಗವೇ ತನ್ನದು ಎಂದುಕೊಂಡು ಬದುಕುವವರು ಸಿಸ್‌ಜೆಂಡರ್; ಆ ಲಿಂಗ ತನ್ನದಲ್ಲ ಎನ್ನುವವರು ಟ್ರಾನ್ಸ್‌ಜೆಂಡರ್, ಅಷ್ಟೆ. ಲ್ಯಾಟಿನ್ನಿನಲ್ಲಿ ‘ಟ್ರಾನ್ಸ್’ ಎಂದರೆ ಆಚೆ, ‘ಸಿಸ್’ ಎಂದರೆ ಈಚೆ. ಅಣುಗಳ ರಚನೆ ವಿವರಿಸಲು ರಸಾಯನಶಾಸ್ತ್ರದವರು ಈ ಜೋಡಿಯನ್ನು ಬಹಳ ಹಿಂದಿನಿಂದ ಬಳಸುತ್ತಿದ್ದಾರೆ; ಯಾವ ಅಣುವೂ ಮುನಿಸಿಕೊಂಡಿಲ್ಲ. ಜರ್ಮನಿಯ ಲೈಂಗಿಕ ವಿಜ್ಞಾನಿ ಫೋಲ್ಕ್‌ಮಾರ್ ಸಿಗುಶ್ 1990ರ ದಶಕದಲ್ಲಿ ಇದರ ಹತ್ತಿರದ ಪದವೊಂದನ್ನು ಬಳಸಿದರು. 2015ರಲ್ಲಿ ‘ಸಿಸ್‌ಜೆಂಡರ್’ ಆಕ್ಸ್‌ಫರ್ಡ್ ಇಂಗ್ಲಿಷ್ ನಿಘಂಟು ಸೇರಿತು. ಎಲ್ಲ ಸರಿ. ಆದರೆ ಸಿಟ್ಟಾದವರ ಮುಂದೆ ನಿಘಂಟು ಬಿಚ್ಚಿದರೆ, ಬೈದದ್ದು ಸಾಲದೆಂದು ಪಾಠ ಬೇರೆ ಹೇಳಲು ಬಂದಳು ಎಂದಾಗುತ್ತದೆ.

ಸಿಟ್ಟು ಎಲ್ಲಿಂದ ಬರುತ್ತದೆ ನೋಡು. ಆ ಓದುಗರಿಗೆ ಈವರೆಗೆ ಇಂಥ ವಿಶೇಷಣವೊಂದು ಬೇಕಾಗಿರಲೇ ಇಲ್ಲ. ಗಂಡಸು ಅಂದರೆ ಗಂಡಸು, ಹೆಂಗಸು ಅಂದರೆ ಹೆಂಗಸು. ಅಡ್ಡಹೆಸರು, ವೈದ್ಯರ ಹೆಸರು, ಕಾನೂನಿನ ಹೆಸರು ಎಲ್ಲವೂ ಬೇರೆಯವರಿಗೆ. ಹೆಸರಿಡುವ ಕೆಲಸ ಒಂದೇ ದಿಕ್ಕಿನಲ್ಲಿ ನಡೆದುಕೊಂಡು ಬಂದಿರುವಾಗ ಒಂದು ದಿನ ಇದ್ದಕ್ಕಿದ್ದಂತೆ ತನಗೂ ಒಂದು ಹೆಸರು ಬಂದರೆ, ಅದು ವಿವರಣೆ ಎಂದು ಅನ್ನಿಸುವುದಿಲ್ಲ, ತನ್ನನ್ನು ಒಂದು ಮೆಟ್ಟಿಲು ಕೆಳಗಿಳಿಸಿದರು ಅನ್ನಿಸುತ್ತದೆ. ಹೆಸರು ಬೀಳುವುದು ಏನಾದರೂ ಕೊರತೆ ಇದ್ದವರಿಗೆ ಎಂಬ ಪಾಠ ಅವರಲ್ಲಿ ಅಷ್ಟು ಆಳವಾಗಿ ಇಳಿದಿದೆ.

ಇದು ಹೊಸ ಕಥೆಯೂ ಅಲ್ಲ. ‘ಹೋಮೋಸೆಕ್ಷುವಲ್’ (ಸಲಿಂಗಕಾಮಿ), ‘ಹೆಟೆರೋಸೆಕ್ಷುವಲ್’ (ಇನ್ನೊಂದು ಲಿಂಗದವರತ್ತ ಒಲವಿರುವವರು) ಎರಡೂ ಪದ ಮೊದಲು ಕಾಣಿಸಿದ್ದು 1868ರಲ್ಲಿ, ಹಂಗೇರಿಯ ಬರಹಗಾರ ಕಾರ್ಲ್ ಮರಿಯಾ ಕೆರ್ಟ್‌ಬೆನಿ ಬರೆದ ಒಂದು ಖಾಸಗಿ ಪತ್ರದಲ್ಲಿ. ಎರಡನೆಯದು ಅಮೆರಿಕದ ವೈದ್ಯರ ಕೈಗೆ ಸಿಕ್ಕಾಗ, 1892ರ ಹೊತ್ತಿಗೆ, ವಿಕೃತಿಗಳ ಪಟ್ಟಿಯಲ್ಲಿತ್ತು. 1923ರಲ್ಲಿ ಮೆರಿಯಂ-ವೆಬ್‌ಸ್ಟರ್ ನಿಘಂಟು ಅದನ್ನು ಇನ್ನೊಂದು ಲಿಂಗದವರ ಮೇಲಿನ ರೋಗಗ್ರಸ್ತ ಕಾಮ ಎಂದೇ ವಿವರಿಸಿತು. 1934ರ ಆವೃತ್ತಿ ಬರುವಷ್ಟರಲ್ಲಿ ಅದೇ ಪದ ಸಹಜ ಕಾಮದ ಹೆಸರಾಗಿತ್ತು. ಜನ ಮೊದಲು ಹೇಗಿದ್ದರೋ ಹಾಗೇ ಇದ್ದರು. ಪದವನ್ನು ಯಾರು, ಯಾವ ಮಾತಿನ ನಡುವೆ ಆಡುತ್ತಿದ್ದರು ಎಂಬುದು ಬದಲಾಗಿತ್ತು.

ಇನ್ನೊಂದು ಕಾರಣ ನಮ್ಮ ಕಡೆಯದು, ಅದನ್ನು ಮುಚ್ಚಿಡಬೇಡ. ಹೆಚ್ಚಿನವರಿಗೆ ಈ ಪದ ಮೊದಲು ಸಿಕ್ಕಿರುವುದು ಜಗಳದಲ್ಲಿ. ‘ನೀನು ಸಿಸ್, ನಿನಗೇನು ಗೊತ್ತು, ಸುಮ್ಮನಿರು’ ಎಂದರೆ ಅದು ಬೈಗುಳವೇ. ಹಾಗೆ ಒಮ್ಮೆ ಕೇಳಿದವರಿಗೆ ಆಮೇಲೆ ಎಷ್ಟು ತಣ್ಣಗೆ ಹೇಳಿದರೂ ಆ ಹಳೆಯ ದನಿಯೇ ಕೇಳಿಸುತ್ತದೆ. ಅದಕ್ಕೆ ದೊಡ್ಡವರ ಬೆಂಬಲವೂ ಸಿಕ್ಕರೆ ಮುಗಿಯಿತು: 2023ರ ಜೂನ್‌ನಲ್ಲಿ ಇಲಾನ್ ಮಸ್ಕ್, ತಮ್ಮ ಟ್ವಿಟರ್‌ನಲ್ಲಿ ‘ಸಿಸ್’, ‘ಸಿಸ್‌ಜೆಂಡರ್’ ಎರಡನ್ನೂ ನಿಂದನೆಯ ಪದಗಳೆಂದು ಪರಿಗಣಿಸಲಾಗುತ್ತದೆ ಎಂದು ಸಾರಿದರು.

‘ಟ್ರಾನ್ಸ್ ಜನ ತಮ್ಮನ್ನು ಹೇಗೆ ಕರೆದುಕೊಳ್ಳುತ್ತಾರೋ ಹಾಗೇ ಕರೆಯಿರಿ ಅನ್ನುತ್ತೀರಿ, ನನಗೆ ಬೇಡದ ಹೆಸರನ್ನು ನನಗೇಕೆ ಹಚ್ಚುತ್ತೀರಿ?’ ಎಂಬ ಆ ಓದುಗರ ಪ್ರಶ್ನೆಗೆ ತೂಕವಿದೆ. ನಾನಾದರೆ ಹೀಗೆ ಉತ್ತರಿಸುತ್ತೇನೆ: ಒಬ್ಬ ವ್ಯಕ್ತಿಯ ಬಗ್ಗೆ ಬರೆಯುವಾಗ, ಬೇಡ ಎಂದರೆ ಬಿಡುತ್ತೇನೆ. ಎರಡು ಗುಂಪುಗಳನ್ನು ಹೋಲಿಸುವಾಗ ಬಿಡಲಾರೆ. ಅಲ್ಲಿ ಬಿಟ್ಟರೆ ‘ಟ್ರಾನ್ಸ್ ಮಹಿಳೆಯರು ಮತ್ತು ಸಾಮಾನ್ಯ ಮಹಿಳೆಯರು’ ಎಂದು ಬರೆಯಬೇಕಾಗುತ್ತದೆ, ಅದನ್ನು ಓದುವ ಟ್ರಾನ್ಸ್ ಮಹಿಳೆಗೆ ತಾನು ಏನೆಂದು ನಾವು ಹೇಳಿದಂತಾಯಿತು ಎಂಬುದನ್ನು ವಿವರಿಸಬೇಕಾಗಿಲ್ಲ.

ಹಾಗೆಂದು ನೋವೆಲ್ಲ ಒಂದೇ ತೂಕದ್ದು ಎಂದುಕೊಳ್ಳಬೇಡ. ‘ಹರ್ಮಫ್ರೊಡೈಟ್’ ವೈದ್ಯರ ಪುಸ್ತಕದ ಪದವೇ. ಗಂಡು, ಹೆಣ್ಣು ಎಂಬ ಎರಡು ಚೌಕಟ್ಟಿಗೂ ಪೂರ್ತಿ ಹೊಂದದ ದೇಹಲಕ್ಷಣಗಳೊಂದಿಗೆ ಹುಟ್ಟಿದ ಇಂಟರ್‌ಸೆಕ್ಸ್ ಜನರನ್ನು ಆ ಹೆಸರಿನಲ್ಲಿ ಮೇಜಿನ ಮೇಲೆ ಮಲಗಿಸಿ ಪರೀಕ್ಷಿಸಿದರು, ಎಳೆಯ ಮಕ್ಕಳ ದೇಹವನ್ನು ಅವರ ಒಪ್ಪಿಗೆಯಿಲ್ಲದೆ ಕತ್ತರಿಸಿದರು. 2006ರಲ್ಲಿ ವೈದ್ಯರೇ ಅದನ್ನು ಕೈಬಿಟ್ಟು ‘ಲಿಂಗ ಬೆಳವಣಿಗೆಯ ಅಸ್ವಸ್ಥತೆ’ ಎಂಬ ಅರ್ಥದ ಹೊಸ ಹೆಸರು ತಂದರು. ‘ಅಸ್ವಸ್ಥತೆ’ಯೂ ಅನೇಕರಿಗೆ ಚುಚ್ಚಿತು. ಆ ಹೆಸರು ಹೊತ್ತವರು ಕಳೆದುಕೊಂಡದ್ದು ಬಹಳ. ಸಿಸ್‌ಜೆಂಡರ್ ಎಂದು ಕರೆಸಿಕೊಂಡದ್ದಕ್ಕೆ ಯಾರಿಗೂ ವೈದ್ಯರ ಚಾಕು ತಾಗಿಲ್ಲ. ಲೇಖನದಲ್ಲಿ ಈ ವ್ಯತ್ಯಾಸ ಕಾಣಬೇಕು, ಆದರೆ ಓದುಗರನ್ನು ಬಾಯಿ ಮುಚ್ಚಿಸುವ ಸಾಧನವಾಗಿ ಅಲ್ಲ.

ಈಗ ನಿನ್ನ ಕರಡು. ಪದ ಮೊದಲು ಬಂದಲ್ಲೇ ಅದರ ಅರ್ಥ ವಾಕ್ಯದೊಳಗೆ ಸೇರಿರಲಿ, ಅಡಿಟಿಪ್ಪಣಿ ಬೇಡ. ‘ಸಿಸ್’ ಎಂದು ಮೊಟಕು ಮಾಡಬೇಡ. ಮೊಟಕು ರೂಪ ಆಪ್ತರ ನಡುವೆ ಚೆನ್ನ, ಅಪರಿಚಿತರಿಗೆ ಗದರಿದಂತೆ ಕೇಳಿಸುತ್ತದೆ. ಹೋಲಿಕೆ ಇಲ್ಲದ ಕಡೆಯೆಲ್ಲ ‘ಸಿಸ್‌ಜೆಂಡರ್’ ಪದವನ್ನೇ ತೆಗೆ. ಮೂರನೆಯ ಪ್ಯಾರಾದಲ್ಲಿ ‘ಸಿಸ್ ಜನಕ್ಕೆ ಇದು ಅರ್ಥವಾಗುವುದೇ ಇಲ್ಲ’ ಎಂದು ಬರೆದಿದ್ದೀಯಲ್ಲ, ಅಲ್ಲಿ ಓದುಗರ ದೂರು ಸರಿಯಾಗಿಯೇ ಇದೆ. ಆ ವಾಕ್ಯ ಹೋಗಲಿ. ಕೊನೆಯಲ್ಲಿ ಬರುವ ನಾನ್‌ಬೈನರಿ (ಗಂಡು, ಹೆಣ್ಣು ಎಂಬ ಎರಡರಲ್ಲೇ ತಮ್ಮನ್ನು ಗುರುತಿಸಿಕೊಳ್ಳದ) ಗೆಳೆಯರನ್ನು ಒಮ್ಮೆ ‘ಅವನು’, ಒಮ್ಮೆ ‘ಅವರು’ ಎಂದಿದ್ದೀಯ. ಯಾವುದು ಬೇಕೆಂದು ಅವರನ್ನೇ ಕೇಳಿ ತಿದ್ದಿ ಕಳಿಸು.

ಪ್ರೀತಿಯಿಂದ,
ನಿನ್ನ ಅಕ್ಕ